ಕೈ ಹಿಡಿದು ಗಾಡಿ ಹತ್ತಿಸಿದ ಮಳೆಗಾಲ

ಈಚೆಗೆ ಒಂದು ಮಧ್ಯಾಹ್ನ ಡೊಂಬಿವಲಿಯಿಂದ ಠಾಣೆಗೆ ಎ.ಸಿ. ಲೋಕಲ್‌ನಲ್ಲಿ ಹೋಗುತ್ತಿದ್ದೆ. ಬಾಗಿಲುಗಳು ತಾವಾಗಿಯೇ ಮುಚ್ಚಿಕೊಳ್ಳುವ ಗಾಡಿ. ಹೊರಗೆ ಜೋರು ಮಳೆ, ಒಳಗೆ ಒಂದು ಹನಿಯೂ ಇಲ್ಲ. ಕೂರಲು ಸೀಟು ಬೇರೆ ಸಿಕ್ಕಿತ್ತು. ಮುಂಬ್ರಾ ದಾಟಿ, ಗುಡ್ಡದ ಬುಡದ ತಿರುವಿನಲ್ಲಿ ಗಾಡಿ ಸ್ವಲ್ಪ ವಾಲಿತು. ನನ್ನ ಬಲಗೈ ಏನನ್ನೋ ಬಿಗಿಯಾಗಿ ಹಿಡಿದಿದೆ ಅನ್ನಿಸಿ ನೋಡಿಕೊಂಡರೆ, ಪಕ್ಕದಲ್ಲಿ ಕೂತಿದ್ದ ಯಾರೋ ಹುಡುಗಿಯ ಮಣಿಕಟ್ಟು! ಅವಳು ಕಿವಿಯಿಂದ ಇಯರ್‌ಫೋನ್ ತೆಗೆದು, "ಆಂಟಿ, ತಬಿಯತ್ ಠೀಕ್ ಹೈ ನಾ?" ಎಂದು ಕೇಳಿದಳು. ನಾಚಿಕೆಯಾಗಿ ಕೈ ಬಿಟ್ಟೆ. ಇಷ್ಟು ವರ್ಷವಾದರೂ ಆ ತಿರುವು ಬಂದರೆ ನನ್ನ ಕೈ ನನ್ನ ಮಾತು ಕೇಳುವುದಿಲ್ಲ.

ನಾನು ಹುಟ್ಟಾ ಪುಕ್ಕಲಿ. ಜಿರಲೆಗೆ ಹೆದರುತ್ತೇನೆ, ಗುಡುಗಿಗೆ ಹೆದರುತ್ತೇನೆ, ಹೊತ್ತಲ್ಲದ ಹೊತ್ತಿನಲ್ಲಿ ಫೋನು ಬಡಿದುಕೊಂಡರೆ ಹೆದರುತ್ತೇನೆ. ಇದೆಲ್ಲ ನನಗಾಗಿ ನಾನು ಪಡುವ ಹೆದರಿಕೆ, ಅಭ್ಯಾಸವಾಗಿಬಿಟ್ಟಿದೆ. ಆದರೆ ಬೇರೆಯವರ ಮಗಳಿಗಾಗಿ ಹೆದರುವುದು ಎಂದರೇನೆಂದು ತಿಳಿದದ್ದು ಒಂದೇ ಒಂದು ಮಳೆಗಾಲದಲ್ಲಿ.

ಎರಡು ಸಾವಿರದ ಹತ್ತು ದಾಟಿ ಒಂದೆರಡು ವರ್ಷವಾಗಿತ್ತು. ನವಿ ಮುಂಬಯಿಯಲ್ಲಿ, ಕೋಪರ್‌ಖೈರಣೆಯ ಹತ್ತಿರ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುತ್ತಿದ್ದೆ. ಮನೆ ಡೊಂಬಿವಲಿಯಲ್ಲಿ. ಅಪ್ಪ ಉಡುಪಿ ಕಡೆಯಿಂದ ಬಂದು ಹೋಟೆಲುಗಳಲ್ಲಿ ದುಡಿದು ತೀರಿಕೊಂಡಿದ್ದರು. ಮನೆಯಲ್ಲಿ ಅಮ್ಮ ಮತ್ತು ನಾನು. ಸೇರಿದ ಮಕ್ಕಳಲ್ಲಿ ಎಷ್ಟೋ ಜನ ನಡುವೆಯೇ ಬಿಟ್ಟುಹೋಗುತ್ತಾರೆಂದು ಆ ವರ್ಷ ಕಾಲೇಜಿನವರು ಒಬ್ಬೊಬ್ಬ ಅಧ್ಯಾಪಕರಿಗೂ ಒಂದಿಷ್ಟು ವಿದ್ಯಾರ್ಥಿಗಳನ್ನು ಹಂಚಿದ್ದರು. ಇವರು ಪದವಿ ಮುಗಿಸುವವರೆಗೆ ಕಣ್ಣಿಟ್ಟು ನೋಡಿಕೊಳ್ಳಿ ಎಂದು ಅಪ್ಪಣೆ. ನನ್ನ ಪಾಲಿಗೆ ಬಂದವರಲ್ಲಿ ರೇಣುಕಾ ಒಬ್ಬಳು.

ರೇಣುಕಾ ಡಿಪ್ಲೊಮಾ ಮುಗಿಸಿ ನೇರವಾಗಿ ಎರಡನೇ ವರ್ಷಕ್ಕೆ ಬಂದವಳು. ಹೀಗೆ ಬರುವ ಮಕ್ಕಳ ಕೈ ಚುರುಕಾಗಿರುತ್ತದೆ, ಬೆಸುಗೆ ಹಾಕುವುದೆಲ್ಲ ಸಲೀಸು. ಆದರೆ ಗಣಿತ ಕಾಲು ಹಿಡಿದು ಎಳೆಯುತ್ತದೆ, ಇಂಗ್ಲಿಷ್ ಗಂಟಲು ಹಿಡಿಯುತ್ತದೆ. ಇವಳದಂತೂ ಮಾತೇ ಇಲ್ಲ. ಹಾಜರಿ ಕೂಗಿದಾಗ ಅವಳು ಕೊಡುವ ಉತ್ತರ ಮುಂದಿನ ಬೆಂಚಿಗೂ ಕೇಳಿಸುತ್ತಿರಲಿಲ್ಲ. ವಿಜಯಪುರದ ಸಿಂದಗಿ ಕಡೆಯವಳೆಂದು ತಿಳಿದು ನಾನು ಕನ್ನಡದಲ್ಲಿ ಮಾತಾಡಿಸಿದರೆ, ತಲೆ ತಗ್ಗಿಸಿ ಹಿಂದಿಯಲ್ಲಿ "ಹಾಂ ಮ್ಯಾಮ್" ಎನ್ನುತ್ತಿದ್ದಳು, ಅಷ್ಟೇ.

ಆಗಸ್ಟ್ ತಿಂಗಳಲ್ಲಿ ಅವಳು ಬರುವುದು ನಿಂತಿತು. ಒಂದು ವಾರ ಜ್ವರವಿರಬಹುದು ಅಂದುಕೊಂಡೆ. ಗಣಪತಿ ಹಬ್ಬ ಬಂತು, ಹೋಯಿತು, ಅವಳ ಸುದ್ದಿಯಿಲ್ಲ. ನಮ್ಮ ವಿಭಾಗದ ಮುಖ್ಯಸ್ಥರು ನನ್ನನ್ನು ಕರೆಸಿ ನೇರವಾಗಿ ಹೇಳಿದರು: ದಸರೆಯೊಳಗೆ ಬಾಕಿಯಿರುವ ಪ್ರಯೋಗಗಳನ್ನೆಲ್ಲ ಮುಗಿಸಿ, ಮೌಖಿಕ ಪರೀಕ್ಷೆ ಕೊಟ್ಟರೆ ಸರಿ, ಇಲ್ಲವಾದರೆ ಟರ್ಮ್ ಕೊಡುವುದಿಲ್ಲ. ಟರ್ಮ್ ಇಲ್ಲವೆಂದರೆ ವಿಶ್ವವಿದ್ಯಾಲಯದ ಪರೀಕ್ಷೆಗೆ ಕೂರುವಂತಿಲ್ಲ, ಒಂದು ವರ್ಷ ನೀರಿಗೆ ಹೋದಂತೆ. ರೇಣುಕಾಳ ಮನೆಯಿದ್ದ ದಿವಾದಿಂದಲೇ, ಅಂದರೆ ಡೊಂಬಿವಲಿಗೂ ಮುಂಬ್ರಾಕ್ಕೂ ನಡುವಿನ ಊರಿನಿಂದ, ಬರುವ ಅವಳ ಸಹಪಾಠಿಯೊಬ್ಬಳನ್ನು ವಿಚಾರಿಸಿದೆ. "ಉಸ್ಕೆ ಪಪ್ಪಾ ನೇ ಘರ್ ಮೇ ಬಿಠಾ ದಿಯಾ, ಮ್ಯಾಮ್" ಎಂದಳು. ಮನೆಯಲ್ಲೇ ಕೂರಿಸಿಬಿಟ್ಟಿದ್ದಾರೆ! ನನಗೆ ಮೊದಲು ಬಂದದ್ದು ಸಿಟ್ಟು. ಆ ಅಪ್ಪನನ್ನು ಕಂಡು ನಾಲ್ಕು ಮಾತು ಆಡಲೇಬೇಕೆಂದು ಮುಂದಿನ ಭಾನುವಾರ ದಿವಾಕ್ಕೆ ಹೋದೆ.

ಕೆಸರು ತುಳಿದುಕೊಂಡು, ಕೇಳಿಕೊಂಡು, ಅವರಿದ್ದ ಸಾಲುಮನೆಗಳ ಚಾಳು ಹುಡುಕಿದೆ. ಒಂದೇ ಕೋಣೆಯ ಮನೆ. ರೇಣುಕಾಳ ಅಪ್ಪ ಹಣಮಂತಪ್ಪ ಸೆಂಟ್ರಿಂಗ್ ಕೆಲಸದವರು; ಠಾಣೆಯಲ್ಲಿ ಏಳುತ್ತಿದ್ದ ದೊಡ್ಡ ದೊಡ್ಡ ಕಟ್ಟಡಗಳಿಗೆ ಕಾಂಕ್ರೀಟ್ ಹಾಕುವ ಮೊದಲು ಹಲಗೆ, ಪೈಪುಗಳ ಅಚ್ಚು ಕಟ್ಟುವವರು. ನನ್ನನ್ನು ಕಂಡು ಗಾಬರಿಯೂ ಸಂತೋಷವೂ ಒಟ್ಟಿಗೇ ಆದವರಂತೆ ಎದ್ದು ನಿಂತರು.

"ಬರ್ರಿ ಅಕ್ಕೋರ, ಬರ್ರಿ. ರೇಣಿ, ಚಾ ಇಡವ್ವಾ... ಬ್ಯಾಡ, ಬ್ಯಾಡ, ನೀ ಓದು. ಏ, ನೀ ಇಡ" ಎಂದು ಹೆಂಡತಿಯ ಕಡೆ ತಿರುಗಿದರು.

ಆಮೇಲೆ ಮೂಲೆಗೆ ಕಟ್ಟಿದ್ದ ಹಳೆ ಸೀರೆಯ ಪರದೆಯನ್ನು ಸರಿಸಿ ತೋರಿಸಿದರು. ಸೆಂಟ್ರಿಂಗ್ ಪ್ಲೈವುಡ್ಡನ್ನು ಕೊಯ್ದು ಮಾಡಿದ ಒಂದು ಮೇಜು, ಅಂಚಿಗೆ ಇನ್ನೂ ಸಿಮೆಂಟು ಅಂಟಿಕೊಂಡಿತ್ತು. ಮೇಲೊಂದು ಬಲ್ಬು, ಪಕ್ಕದಲ್ಲಿ ಪುಟ್ಟ ಫ್ಯಾನು. ಇಡೀ ಮನೆಯಲ್ಲಿ ಇದ್ದದ್ದು ಅದೊಂದೇ ಫ್ಯಾನು. ಮೇಜಿನ ಮುಂದೆ ರೇಣುಕಾ, ಪುಸ್ತಕದಿಂದ ಮುಖವೆತ್ತದೆ ಕೂತಿದ್ದಳು.

"ನಾನ ಮಾಡೀನ್ರಿ" ಎಂದರು ಹಣಮಂತಪ್ಪ. "ಟೀವಿ ಹಚ್ಚಂಗಿಲ್ಲ. ಬಾಜೂದವರಿಗೂ ಹೇಳೀನಿ, ಗದ್ಲ ಮಾಡಬ್ಯಾಡ್ರೋ, ನಮ್ಮ ಹುಡುಗಿ ಇಂಜಿನೇರ ಆಗಾಕತ್ತಾಳ ಅಂತ. ಹೋಗಿ ಬರೂದ್ರಾಗ ಅರ್ಧಾ ದಿನ ಹಾಳಾಗತಿತ್ತು. ಈಗ ಮುಂಜಾನಿಂದ ಸಂಜಿತನಾ ಓದತಾಳ. ಪರೀಕ್ಷಿ ದಿನ ನಾನ ಕರ್ಕೊಂಡು ಬಂದು ಕೂಡ್ರಸ್ತೀನ್ರಿ."

ನನ್ನ ಸಿಟ್ಟೆಲ್ಲ ಇಳಿದುಹೋಗಿ ಅದರ ಜಾಗದಲ್ಲಿ ಭಯ ಬಂದು ಕೂತಿತು. ಮಗಳನ್ನು ಓದಿಸಬಾರದೆಂದು ಹಠ ಹಿಡಿದವರಿಗಾದರೆ ಬೈದು ಬುದ್ಧಿ ಹೇಳಬಹುದು. ಮಗಳು ಓದಲೆಂದು ಮನೆಯ ಒಂದೇ ಫ್ಯಾನನ್ನೂ ಅವಳ ಕಡೆ ತಿರುಗಿಸಿಟ್ಟವರಿಗೆ ಏನು ಹೇಳುವುದು? ಕಾಲೇಜಿನ ಮೆಟ್ಟಿಲು ಹತ್ತಿದವರೇ ಇಲ್ಲದ ಮನೆಗಳಲ್ಲಿ ಈ ತಪ್ಪನ್ನು ನಾನು ಆಮೇಲೂ ಕಂಡಿದ್ದೇನೆ. ಓದು ಎಂದರೆ ಪುಸ್ತಕ, ಪರೀಕ್ಷೆ ಎಂದರೆ ಪೇಪರು, ನಡುವಿನದೆಲ್ಲ ಸುಮ್ಮನೆ ಓಡಾಟ ಎಂದು ಅವರು ಪ್ರಾಮಾಣಿಕವಾಗಿ ನಂಬಿರುತ್ತಾರೆ. ಡಿಪ್ಲೊಮಾ ಮಾಡುವಾಗ ರೇಣುಕಾ ಠಾಣೆಯಲ್ಲಿ ಅತ್ತೆಯ ಮನೆಯಲ್ಲಿದ್ದು ನಡೆದೇ ಹೋಗಿಬರುತ್ತಿದ್ದಳಂತೆ; ಅಲ್ಲಿ ಏನು ನಡೆಯುತ್ತದೆಂದು ಈ ಅಪ್ಪನಿಗೆ ಯಾರೂ ಹೇಳಿರಲಿಲ್ಲ.

"ಹಣಮಂತಪ್ಪನವರೇ, ಸೆಂಟ್ರಿಂಗ್ ಕೆಲಸ ಮನೇಲಿ ಕೂತು ಪುಸ್ತಕ ಓದಿ ಕಲಿಯಲಿಕ್ಕೆ ಬರ್ತದಾ?" ಎಂದು ಕೇಳಿದೆ.

"ಹ್ಯಾಂಗ ಬರತೈತ್ರಿ? ಮ್ಯಾಲ ಹತ್ತಬೇಕು, ಹಲಗಿ ಹಿಡೀಬೇಕು."

"ಇದೂ ಹಾಗೇ. ಪ್ರಯೋಗಶಾಲೆಯಲ್ಲಿ ಕೈಯಲ್ಲಿ ಮಾಡಬೇಕು, ಕೇಳಿದ್ದಕ್ಕೆ ಬಾಯಲ್ಲಿ ಉತ್ತರ ಹೇಳಬೇಕು. ದಸರೆಯೊಳಗೆ ಅದು ಆಗದಿದ್ರೆ ಪೇಪರ್ ಬರೀಲಿಕ್ಕೇ ಬಿಡೂದಿಲ್ಲ. ವರ್ಷ ಹೋಗ್ತದೆ."

ಅವರು ಮಗಳ ಕಡೆ ನೋಡಿದರು. ಅವಳು ಪುಟ ತಿರುಗಿಸಿದಳು. ಒಲೆಯ ಹತ್ತಿರದಿಂದ ತಾಯಿಯ ದನಿ ಬಂತು: "ವರ್ಷ ಹೋದ್ರ ಊರಿಗಿ ಕಳಿಸಿಬಿಡೂದು. ನಮ್ಮ ತಮ್ಮ ಇನ್ನ ಎಷ್ಟಂತ ಕಾಯ್ತಾನ?" ಸೋದರಮಾವನಿಗೆ ಕೊಡುವ ಮಾತು ಮೊದಲೇ ಆಗಿತ್ತಂತೆ, ಓದು ಮುಗಿಯಲಿ ಎಂದು ಅಪ್ಪನೇ ತಡೆದಿದ್ದರು.

ಹಣಮಂತಪ್ಪ ಹೆಂಡತಿಯನ್ನು ಕೈಸನ್ನೆಯಿಂದ ತಡೆದರು. ಆಮೇಲೆ ಸಣ್ಣ ದನಿಯಲ್ಲಿ ಹೇಳಿದರು: "ಅಕ್ಕೋರ, ನಾ ಇಪ್ಪತ್ತನೇ ಮಾಳಗಿ ಹೊರಗ ಪೈಪಿನ ಮ್ಯಾಲ ನಿಂತು ಕೆಲಸ ಮಾಡಾಂವ. ಅಂಜಿಕಿ ಇಲ್ಲ. ಯಾಕಂದ್ರ ಆ ಪೈಪ ನಾನ ಕಟ್ಟಿರತೀನಿ, ಎಷ್ಟು ಗಟ್ಟಿ ಐತಿ ನನಗ ಗೊತ್ತಿರತೈತಿ. ಆ ಗಾಡಿ ಬಾಗಲದಾಗ ನಮ್ಮ ಕೈಯಾಗ ಏನೈತ್ರಿ? ಬಾಜೂ ಮನಿ ಹೆಣ್ಣಮಗಳು, ನಮ್ಮ ಮುಂದ ನಕ್ಕೋತ ಡಬ್ಬಿ ತಗೊಂಡು ಹೋದಾಕಿ, ಮುಂಬ್ರಾ ತಿರುವ್ಯಾಗ ಬಿದ್ದಳು. ಮಧ್ಯಾಹ್ನಕ್ಕ ಬಿಳೀ ಅರಬ್ಯಾಗ ಮನಿಗಿ ಬಂದಳು. ಅವತ್ತ ನಾ ರೇಣಿಗಿ ಹೇಳಿದೆ, ಸಾಕವ್ವಾ. ಅಕಿನ್ನ ಆ ಗಾಡ್ಯಾಗ ಯಾರು ನೋಡ್ಕೋತಾರ್ರಿ? ನೀವು ನೋಡ್ಕೋತೀರೇನು?"

"ನೋಡಿಕೊಳ್ತೇನೆ" ಎಂದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಏನು ಒಪ್ಪಿಕೊಂಡೆನೆಂದು ಗೊತ್ತಾದದ್ದು ಹೊರಗೆ ಬಂದು ರಿಕ್ಷಾದಲ್ಲಿ ಕೂತ ಮೇಲೆ.

ಮನೆಗೆ ಬಂದು ಹೇಳಿದರೆ ಅಮ್ಮ ಮಂಗಳಾರತಿ ಎತ್ತಿದರು. "ಇರಲಾರದೆ ಇರುವೆ ಬಿಟ್ಟುಕೊಂಡ ಹಾಗಾಯ್ತು ನಿನ್ನ ಕಥೆ. ನೀನೇ ಗಾಡಿ ಹತ್ತುವಾಗ ಕೃಷ್ಣಾ ರಾಮಾ ಅನ್ನುವವಳು, ಇನ್ನೊಬ್ಬರ ಕೂಸಿನ ಉಸಾಬರಿ ನಿನಗೆ ಎಂತಕ್ಕೆ ಮಾರಾಯ್ತಿ?"



ಬೆಳಿಗ್ಗೆ ಹೊತ್ತು ದಿವಾದಲ್ಲಿ ಗಾಡಿ ಹತ್ತುವುದು ಸಾಧ್ಯವೇ ಇರಲಿಲ್ಲ. ಕಲ್ಯಾಣದವರು, ಡೊಂಬಿವಲಿಯವರು ಬಾಗಿಲವರೆಗೂ ತುಂಬಿಕೊಂಡಿರುತ್ತಿದ್ದರು. ಅದಕ್ಕೇ ರೇಣುಕಾ ಎದುರು ದಿಕ್ಕಿನ ಗಾಡಿ ಹಿಡಿದು ಡೊಂಬಿವಲಿಗೆ ಹಿಂದಕ್ಕೆ ಬರುವುದು, ಅಲ್ಲಿಂದಲೇ ಹೊರಡುವ ಲೋಕಲ್ಲನ್ನು ನಾವಿಬ್ಬರೂ ಸೇರಿ ಹತ್ತುವುದು, ಠಾಣೆಯಲ್ಲಿ ಇಳಿದು ವಾಶಿ ಗಾಡಿ ಹಿಡಿಯುವುದು ಎಂದು ಗೊತ್ತುಮಾಡಿಕೊಂಡೆವು. ನಾನು ಅವಳ ಮಣಿಕಟ್ಟು ಹಿಡಿದುಕೊಂಡೇ ಹತ್ತುತ್ತಿದ್ದೆ, ಹಿಡಿದುಕೊಂಡೇ ಇಳಿಯುತ್ತಿದ್ದೆ. ಬಳೆ ಒತ್ತಿ ಅವಳ ಕೈ ಕೆಂಪಾಗುತ್ತಿತ್ತು. ಯಾವ ಗಾಡಿ, ಎಷ್ಟು ಹೊತ್ತಿಗೆ ಎಂದು ಹಣಮಂತಪ್ಪ ದಿನಾ ರಾತ್ರಿ ನನಗೆ ಫೋನು ಮಾಡಿ ಕೇಳಿಕೊಳ್ಳುತ್ತಿದ್ದರು.

ಮೊದಮೊದಲ ದಿನಗಳ ಭಯವನ್ನು ಹೇಗೆ ಹೇಳಲಿ? ಕೋಪರ್ ಸ್ಟೇಷನ್ ದಾಟುವಾಗಲೇ ಮುಂದಿನ ಸ್ಟೇಷನ್ನುಗಳನ್ನು ಎಣಿಸತೊಡಗುತ್ತಿದ್ದೆ. ದಿವಾದಲ್ಲಿ ಹೆಂಗಸರು ನುಗ್ಗುತ್ತಿದ್ದರು, ಮುಂಬ್ರಾದಲ್ಲಿ ಇನ್ನಷ್ಟು. ಆ ತಿರುವಿನಲ್ಲಿ ಗಾಡಿ ವಾಲಿದಾಗ ಬಾಗಿಲಲ್ಲಿ ನಿಂತವರೆಲ್ಲ ಒಮ್ಮೆಗೇ ಹೊರಗೆ ಬಾಗುತ್ತಿದ್ದರು. ಹಳಿಯ ಪಕ್ಕದ ಕಂಬಗಳು ಅವರ ತಲೆಯ ಹತ್ತಿರದಿಂದ ಸರ್ರನೆ ಹಾದುಹೋಗುತ್ತಿದ್ದವು. ಕೆಲವರು ಗುಡ್ಡದ ಮೇಲಿನ ದೇವಿಯ ಗುಡಿಗೆ ಕೈಮುಗಿಯುತ್ತಿದ್ದರು. ಎಲ್ಲ ಬಿಟ್ಟು ಕಂಬಿಯಿಂದ ಕೈ ತೆಗೆಯುತ್ತಾರಲ್ಲ ಎಂದು ನನಗೆ ಅದಕ್ಕೂ ಭಯ. ಕಳವಾ ಬಂದರೆ ಅರ್ಧ ಜೀವ, ಠಾಣೆ ಬಂದರೆ ಪೂರ್ತಿ ಜೀವ.

ನಾವು ಹತ್ತುತ್ತಿದ್ದ ಹೆಂಗಸರ ಡಬ್ಬಿಯಲ್ಲಿ, ಅಂದರೆ ಬೋಗಿಯಲ್ಲಿ, ನೀಲಾತಾಯಿ ಎಂಬ ಮರಾಠಿ ಹೆಂಗಸಿದ್ದರು. ಠಾಣೆಯ ಕಚೇರಿಯೊಂದರಲ್ಲಿ ಕೆಲಸ, ಬಾಗಿಲ ಒಳಗಿನ ಮೂಲೆ ಅವರ ಕೋಟೆ. ಅವರ ಗುಂಪಿನ ಹೆಂಗಸರನ್ನು ಬಿಟ್ಟು ಬೇರೆಯವರಿಗೆ ಅಲ್ಲಿ ಜಾಗವಿಲ್ಲ. ರೇಣುಕಾಳ ವಿಷಯ ಹೇಳಿದಾಗ "ಆತ್ ಯೇ ಗ, ಆತ್ ಯೇ" ಎಂದು ಅವಳನ್ನು ಮಾತ್ರ ಒಳಕ್ಕೆ ಎಳೆದುಕೊಂಡರು. ನಾನು ಅವಳ ಮುಂದೆ ಗೋಡೆಯಂತೆ ನಿಲ್ಲುತ್ತಿದ್ದೆ.

ಒಂದು ದಿನ ವಾಶಿ ಗಾಡಿಯಲ್ಲಿ, ಸ್ವಲ್ಪ ಖಾಲಿಯಿದ್ದಾಗ, ರೇಣುಕಾ ಮೊದಲ ಸಲ ಕನ್ನಡದಲ್ಲಿ ಮಾತಾಡಿದಳು. "ಮ್ಯಾಮ್, ನನಗ ಗಾಡಿ ಅಂಜಿಕಿ ಇಲ್ರಿ. ಲ್ಯಾಬಿನ ಅಂಜಿಕಿ. ಡಿಪ್ಲೊಮಾದಾಗ ಸರ್ ಮರಾಠ್ಯಾಗ ಕೇಳತಿದ್ರು. ಇಲ್ಲಿ ಇಂಗ್ಲಿಷ್‌ನ್ಯಾಗ ಕೇಳತಾರ. ಉತ್ತರ ಗೊತ್ತಿದ್ರೂ ಬಾಯಿ ಕಟ್ಟಿಬಿಡತೈತಿ. ಅಪ್ಪಾ ಕಾಲೇಜ ಬ್ಯಾಡ ಅಂದಾಗ ಚಲೋನ ಆತು ಅನಿಸಿತ್ರಿ. ಅದಕ್ಕ ಲ್ಯಾಬ್ ಬೇಕಾಗತೈತಿ ಅಂತ ನಾ ಹೇಳಲೇ ಇಲ್ಲ."

ಅಪ್ಪನ ಭಯದ ಹಿಂದೆ ಮಗಳು ತನ್ನ ಭಯವನ್ನು ಬಚ್ಚಿಟ್ಟುಕೊಂಡಿದ್ದಳು. ನಾನು ಬೈಯಲಿಲ್ಲ. ಭಯದ ವಿಷಯದಲ್ಲಿ ನಾನು ಯಾರಿಗೆ ಬುದ್ಧಿ ಹೇಳಲಿ?

ಮರುದಿನದಿಂದ ಗಾಡಿಯಲ್ಲೇ ಪ್ರಶ್ನೋತ್ತರ ಶುರುವಾಯಿತು. ನಾನು ಇಂಗ್ಲಿಷ್‌ನಲ್ಲಿ ಕೇಳುವುದು, ಅವಳು ಹೇಳುವುದು. ನೀಲಾತಾಯಿಗೆ ಟ್ರಾನ್ಸಿಸ್ಟರ್ ಎಂದರೆ ಅವರ ಅಪ್ಪನ ರೇಡಿಯೋ ಮಾತ್ರ ಗೊತ್ತು. ಆದರೂ ತೀರ್ಪು ಅವರದೇ. ಗಾಡಿಯ ಗದ್ದಲದಲ್ಲಿ ಅವರ ಕಿವಿಗೆ ಕೇಳದಿದ್ದರೆ "ಐಕೂ ನಾಹೀ ಆಲಂ" ಎಂದು ಮತ್ತೆ ಹೇಳಿಸುತ್ತಿದ್ದರು. ಕೇಳುವ ಹಾಗೆ ಹೇಳದಿದ್ದರೆ ಮೂಲೆಯಿಂದ ಹೊರಗೆ ಎಂದು ಗದರಿಸುತ್ತಿದ್ದರು. ಹಾಗೆ ಕೂಗಿ ಕೂಗಿ ಆ ಹುಡುಗಿಗೆ ದನಿ ಬಂತು. ಹಗಲೆಲ್ಲ ಪ್ರಯೋಗಶಾಲೆಯಲ್ಲಿ ಬಾಕಿ ಕೆಲಸ, ಒಂದೊಂದಾಗಿ ಮುಗಿಯತೊಡಗಿತು. ಕೊನೆಗೆ ಮೌಖಿಕ ಪರೀಕ್ಷೆ ಒಂದೇ ಉಳಿಯಿತು.

ಅವತ್ತು ಬೆಳಿಗ್ಗೆ ಹಸ್ತ ಮಳೆ ಹುಚ್ಚು ಹಿಡಿದಂತೆ ಸುರಿಯುತ್ತಿತ್ತು. ನಮ್ಮ ಡೊಂಬಿವಲಿ ಲೋಕಲ್ ರದ್ದಾಯಿತೆಂದು ಘೋಷಣೆ ಬಂತು. ಪ್ಲಾಟ್‌ಫಾರ್ಮಿನಲ್ಲಿ ಕಾಲಿಡಲು ಜಾಗವಿಲ್ಲ. ಕಲ್ಯಾಣ ಕಡೆಯಿಂದ ತುಂಬಿ ಬಂದ ಗಾಡಿಗೆ ಎಲ್ಲರೂ ಒಟ್ಟಿಗೆ ನುಗ್ಗಿದರು. ಜನ ನನ್ನನ್ನು ಎತ್ತಿ ಒಳಗೆ ಹಾಕಿದಂತೆ ನಾನು ಒಳಗಿದ್ದೆ. ಬಲಗೈ ಹಿಂದಕ್ಕೆ ಚಾಚಿ ರೇಣುಕಾಳ ಮಣಿಕಟ್ಟನ್ನು ಹಿಡಿದೇ ಇದ್ದೆ. ಗಾಡಿ ಹೊರಟಿತು. ಬೆರಳಿನಿಂದ ಅವಳ ಕೈ ಜಾರಿತು. ಯಾರೋ ಕಿರುಚಿದರು. ನನಗೆ ತಿರುಗಿ ನೋಡಲೂ ಆಗಲಿಲ್ಲ, ಕತ್ತು ತಿರುಗಿಸುವಷ್ಟೂ ಜಾಗವಿರಲಿಲ್ಲ.

"ರೇಣುಕಾ!" ಎಂದು ಕೂಗಿದೆ. ಯಾರೂ ಉತ್ತರಿಸಲಿಲ್ಲ. ಹತ್ತಿದಳೋ, ಕೆಳಗೇ ಉಳಿದಳೋ, ಬಾಗಿಲಲ್ಲಿ ನೇತಾಡುತ್ತಿದ್ದಾಳೋ? ಮುಂಬ್ರಾ ಬಿಟ್ಟ ಮೇಲೆ ಆ ತಿರುವಿನಲ್ಲಿ ಗಾಡಿ ನಿಂತುಬಿಟ್ಟಿತು. ಬಾಗಿಲ ಕಡೆಯಿಂದ ಬಾಯಿಂದ ಬಾಯಿಗೆ ಮಾತು ಬಂತು: ಪಡ್ಲೀ, ಕೋಣೀತರಿ ಪಡ್ಲೀ. ಯಾರೋ ಬಿದ್ದಳು.  ಅಳು ಬರಲಿಲ್ಲ, ದೇವರ ಹೆಸರೂ ಬರಲಿಲ್ಲ. ಹಣಮಂತಪ್ಪನವರ "ನೀವು ನೋಡ್ಕೋತೀರೇನು" ಎಂಬ ಮಾತೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ಠಾಣೆಯಲ್ಲಿ ಇಳಿದು ರೈಲ್ವೆ ಪೊಲೀಸರ ಕೋಣೆಗೆ ಓಡಿದೆ. ಮೇಜಿನ ಹಿಂದಿದ್ದ ಪೊಲೀಸ್ ಹೆಂಗಸು, "ನಿಮ್ಮ ಹುಡುಗಿ ಯಾವ ಬಣ್ಣದ ಬಟ್ಟೆ ಹಾಕಿದ್ದಳು?" ಎಂದು ಮರಾಠಿಯಲ್ಲಿ ಕೇಳಿದರು. ನನಗೆ ನೆನಪಾಗಲಿಲ್ಲ. ಅವಳ ಮಣಿಕಟ್ಟಿನ ಬಳೆ ಯಾವುದೆಂದು ಗೊತ್ತಿತ್ತು, ಚರ್ಮದ ಬಿಸಿ ಗೊತ್ತಿತ್ತು; ಬಟ್ಟೆಯ ಬಣ್ಣ ಮಾತ್ರ ಎಷ್ಟು ತಿಣುಕಿದರೂ ಹೊಳೆಯಲಿಲ್ಲ. ಅವರು ವೈರ್‌ಲೆಸ್‌ನಲ್ಲಿ ಯಾರನ್ನೋ ಕೇಳಿದರು, ಕಾಯಿರಿ ಎಂದರು. ಹಣಮಂತಪ್ಪನವರಿಗೆ ಫೋನು ಮಾಡಬೇಕು ಅನ್ನಿಸಿತು. ಮಾಡಿ ಏನೆಂದು ಹೇಳಲಿ? ಮನ ಬರಲಿಲ್ಲ. ರೇಣುಕಾಳ ಹತ್ತಿರ ಫೋನು ಇರಲೇ ಇಲ್ಲ. ಆ ಮನೆಗೆಲ್ಲ ಸೇರಿ ಇದ್ದದ್ದು ಅಪ್ಪನ ಹತ್ತಿರದ ಒಂದೇ ಮೊಬೈಲು.

ಬಹಳ ಹೊತ್ತಾದ ಮೇಲೆ ಉತ್ತರ ಬಂತು. ಬಿದ್ದವರು ಸೀರೆ ಉಟ್ಟಿದ್ದ ಹೆಂಗಸು, ನಲವತ್ತರ ಮೇಲಿನ ವಯಸ್ಸು, ಜೀವ ಇದೆ, ಆಸ್ಪತ್ರೆಗೆ ಒಯ್ದಿದ್ದಾರೆ. ನಾನು ಅಲ್ಲೇ ಬೆಂಚಿನ ಮೇಲೆ ಕುಸಿದು ಕೂತು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು, ಅಮ್ಮಾ ದೇವರೇ ಉಳಿಸಿದೆ ಎಂದೆ. ಅದೇ ಹೊತ್ತಿಗೆ ಯಾರದೋ ಮನೆಯಲ್ಲಿ ಫೋನು ಬಡಿದುಕೊಳ್ಳುತ್ತಿತ್ತು ಎಂಬುದು ನನಗೆ ಹೊಳೆದದ್ದು ವಾಶಿ ಗಾಡಿಯಲ್ಲಿ ಕೂತ ಮೇಲೆ. ಆಗ ಅಳು ಬಂತು.

ಕಾಲೇಜು ತಲುಪಿದಾಗ ಪ್ರಯೋಗಶಾಲೆಯ ಬಾಗಿಲು ಮುಚ್ಚಿತ್ತು. ಒಳಗಿನಿಂದ ದೊಡ್ಡ ದನಿಯೊಂದು ಕೇಳಿಸುತ್ತಿತ್ತು. ವೋಲ್ಟೇಜು, ಕರೆಂಟು, ಗೇನು ಎಂದು ಇಂಗ್ಲಿಷ್‌ನಲ್ಲಿ ಯಾರೋ ಕೂಗಿ ಕೂಗಿ ಹೇಳುತ್ತಿದ್ದರು. ನಮ್ಮ ಮುಖ್ಯಸ್ಥರು ನಕ್ಕು, ಇದು ಪ್ಲಾಟ್‌ಫಾರ್ಮ್ ಅಲ್ಲಮ್ಮ, ನನಗೆ ಕಿವಿ ಕೇಳುತ್ತದೆ ಎಂದದ್ದೂ ಕೇಳಿಸಿತು. ನಾನು ಗೋಡೆಗೆ ಒರಗಿ ನಿಂತೆ. ರೇಣುಕಾ ಹೊರಗೆ ಬಂದಳು. ಬೂದು ಬಣ್ಣದ ಚೂಡಿದಾರ, ಮೊಣಕಾಲವರೆಗೆ ಒದ್ದೆ. ನನ್ನನ್ನು ಕಂಡವಳೇ ಓಡಿಬಂದು, "ಎಲ್ಲಿ ಹೋಗಿದ್ರಿ ಮ್ಯಾಮ್? ಮುಂಬ್ರಾದಾಗ ಯಾರೋ ಬಿದ್ರಂತ. ನೀವ ಅಂತ ತಿಳಕೊಂಡು ನನ್ನ ಎದಿ ಒಡದು ಹೋಗಿತ್ರಿ" ಎಂದು ಅತ್ತಳು. ಅಷ್ಟು ಭಯ ಹೊತ್ತುಕೊಂಡೂ ಅವಳು ಒಳಗೆ ನಿಂತು ಉತ್ತರ ಹೇಳಿದ್ದಳು.

ಆಮೇಲಿನದನ್ನು ಇಲ್ಲೇ ಹೇಳಿಬಿಡುತ್ತೇನೆ. ಅವಳಿಗೆ ಟರ್ಮ್ ಸಿಕ್ಕಿತು. ಗಣಿತ ಒಂದು ಉಳಿಯಿತು. ಪಾಸಾಗದ್ದನ್ನು ಮುಂದಕ್ಕೆ ಹೊರುವುದಕ್ಕೆ ಇಲ್ಲಿ ಕೆ.ಟಿ. ಎನ್ನುತ್ತಾರೆ. ಅದನ್ನೂ ಹೊತ್ತು, ಇಳಿಸಿ, ಪದವಿ ಮುಗಿಸಿದಳು. ಸೋದರಮಾವ ಬೇರೆ ಕಡೆ ಮದುವೆಯಾದ. ಆದರೆ ಅವತ್ತಿನ ಸಂಜೆ ಇದ್ಯಾವುದೂ ಗೊತ್ತಿರಲಿಲ್ಲ.

ಬ್ಯಾಗಿನ ತಳದಲ್ಲಿದ್ದ ಫೋನು ತೆಗೆದು ನೋಡಿದರೆ ಹಣಮಂತಪ್ಪನವರ ಕರೆಗಳು ಸಾಲುಸಾಲಾಗಿ ಬಂದುಹೋಗಿದ್ದವು. ಅಷ್ಟರಲ್ಲಿ ಕಾವಲುಗಾರ ಬಂದು, ಗೇಟಿನಲ್ಲಿ ಯಾರೋ ನಿಂತಿದ್ದಾರೆಂದ. ಡೊಂಬಿವಲಿ ಕಡೆಯಿಂದ ಬಂದ ಗಾಡಿಯಿಂದ ಹೆಂಗಸು ಬಿದ್ದಳೆಂಬ ಸುದ್ದಿ ಮಧ್ಯಾಹ್ನದ ಮೇಲೆ ಹಣಮಂತಪ್ಪನವರ ಕೆಲಸದ ಜಾಗಕ್ಕೂ ಮುಟ್ಟಿತ್ತು. ತಲೆಯ ಮೇಲೆ ಹಳದಿ ಹೆಲ್ಮೆಟ್ ಹಾಗೇ ಇತ್ತು, ಮೈತುಂಬ ಸಿಮೆಂಟು. ಮಗಳನ್ನು ಕಂಡರು.  ಅವಳ ಹೆಗಲಿನ ಚೀಲವನ್ನು ತೆಗೆದುಕೊಂಡು ತನ್ನ ಹೆಗಲಿಗೆ ಹಾಕಿಕೊಂಡರು. ಠಾಣೆಯವರೆಗೂ ಮೂವರೂ ಒಟ್ಟಿಗೆ ಬಂದೆವು.

ಠಾಣೆಯ ಪ್ಲಾಟ್‌ಫಾರ್ಮಿನಲ್ಲಿ ಸಂಜೆಯ ಜನಜಂಗುಳಿ. ಅವರು ಆ ಜನವನ್ನೇ ನೋಡುತ್ತ ನಿಂತಿದ್ದರು. ಈಗ ಹೇಳುತ್ತಾರೆ, ಸಾಕವ್ವಾ ಎಂದು, ಈಗ ಹೇಳುತ್ತಾರೆ ಎಂದು ನಾನು ಕಾಯುತ್ತಿದ್ದೆ. ಕೊನೆಗೆ ತಡೆಯಲಾಗದೆ ನಾನೇ ಹೇಳಿದೆ.

"ಹಣಮಂತಪ್ಪನವರೇ, ಇವತ್ತು ನನ್ನ ಕೈ ತಪ್ಪಿತು. ನೋಡಿಕೊಳ್ತೇನೆ ಅಂದವಳು ನಾನು. ಆಗಲಿಲ್ಲ."

ಅವರು ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ರೇಣುಕಾ ಮಾತಾಡಿದಳು.

"ಅವರ ಕೈ ತಪ್ಪಲಿಲ್ಲಪಾ. ನಾನ ಬಿಡಿಸ್ಕೊಂಡೆ."

ಇಬ್ಬರೂ ಅವಳ ಕಡೆ ತಿರುಗಿದೆವು.

"ಮ್ಯಾಮ್ ಒಳಗ ಹೋಗಿದ್ರು. ನನ್ನ ಕಾಲು ಇನ್ನಾ ಪ್ಲಾಟ್‌ಫಾರ್ಮ್ ಮ್ಯಾಲ ಇದ್ದೂ. ಗಾಡಿ ಬಿಟ್ಟಿತ್ತು. ಅವರು ಏನ್ ಮಾಡಿದ್ರೂ ಬಿಡವಲ್ರು. ಹಂಗ ಓಡಿದ್ರ ನಾನೂ ಗಾಡಿ ಕೆಳಗ, ಅವರೂ ನನ್ನ ಹಿಂದ. ಅದಕ್ಕ ಬಿಡಿಸ್ಕೊಂಡೆ. ಅದರ ಹಿಂದ ಬಂದ ಗಾಡ್ಯಾಗ 'ಆತ್ ಜಾವೂ ದ್ಯಾ' ಅಂತ ಚೀರಿ ನಾನ ಒಳಗ ಹೋದೆ. ಎರಡೂ ಕೈಲೆ ಕಂಬಿ ಹಿಡಕೊಂಡಿದ್ದೆ."

ನನಗೆ ಬೆಳಗಿನ ಭಯವೆಲ್ಲ ಒಂದು ಕಡೆ, ಆ ಕ್ಷಣದ ಭಯ ಒಂದು ಕಡೆ. ಇಡೀ ದಿನ ನಾನು ಹೆದರಿದ್ದು ಕೈ ಜಾರಿತೆಂದು. ಜಾರದೇ ಇದ್ದಿದ್ದರೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ಹತ್ತಿರದ ಕಂಬ ಹಿಡಿದು ನಿಂತೆ.

ದೂರದಲ್ಲಿ ಗಾಡಿಯ ದೀಪ ಕಂಡಿತು. ಜನ ಮುಂದಕ್ಕೆ ಸರಿಯತೊಡಗಿದರು. ಹಣಮಂತಪ್ಪ ಹೆಗಲಿನಿಂದ ಚೀಲ ಇಳಿಸಿ ಮಗಳಿಗೆ ಕೊಟ್ಟರು.  ಇಷ್ಟು ದಿನ ಯಾವ ಗಾಡಿ, ಎಷ್ಟು ಹೊತ್ತಿಗೆ, ಯಾವ ಡಬ್ಬಿ ಎಂದು ಪ್ರತಿಯೊಂದನ್ನೂ ನನ್ನನ್ನೇ ಕೇಳುತ್ತಿದ್ದವರು, ಅವತ್ತು ನನ್ನ ಕಡೆ ನೋಡಲಿಲ್ಲ.

"ನಾಳಿ ಯಾವ ಗಾಡಿಗಿ ಹೋಗ್ತೀ?" ಎಂದು ಮಗಳನ್ನು ಕೇಳಿದರು.